ಗುರಮ್ಮ ಕಳಿಸದ ಹಿಟ್ಟು

ಮಹಬೂಬ್ ಚಾಚಾ,

ಸಾಯಗಾಂವದ ನಿಮ್ಮ ಬಸಪ್ಪನ ಸಲಾಂ, ಜೊತೆಗೆ ಶರಣು. ಒಂದನ್ನೇ ಹೇಳಿದರೆ "ಇನ್ನೊಂದು ಯಾರಿಗಿ ಉಳಿಸ್ಕೊಂಡಿದಿ?" ಎಂದು ಕಾಡುತ್ತಿದ್ದಿರಿ, ಅದಕ್ಕೇ ಎರಡೂ ಬರೆದಿದ್ದೇನೆ. ನಿನ್ನೆ, ನೀವು ತೀರಿದ ನಲವತ್ತನೆಯ ದಿನದ ಊಟಕ್ಕೆ ಬಗದಲ್‌ಗೆ ಹೋಗಿ ಬಂದೆ. ಅಲ್ಲಿ ಕೇಳಿದ ಒಂದು ಮಾತು ನಿಮಗೆ ತಿಳಿಸಬೇಕು. ಅದಕ್ಕೂ ಮೊದಲು ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು.

ಲಡಾಖಿನ ಆ ಠಾಣೆಗೆ ನಾನು ಬಂದ ದಿನ ನೆನಪಿದೆಯೇ? ಸುತ್ತ ಹಿಮ, ನಡುವೆ ಎರಡು ಬಂಕರು, ಒಂದು ವೈರ್‌ಲೆಸ್ಸು, ಹನ್ನೊಂದು ಮಂದಿ. ಅರ್ಧ ವರ್ಷ ದಾರಿ ಮುಚ್ಚಿಯೇ ಇರುತ್ತಿತ್ತು. ಭಾಲ್ಕಿಯ ಬಿಸಿಲಲ್ಲಿ ಬೆಳೆದ ನಾನು ಮೂರು ಸ್ವೆಟರು ಹಾಕಿಯೂ ಗಡಗಡ ನಡುಗುತ್ತಿದ್ದೆ. ಹವಾಲ್ದಾರರಾದ ನೀವು ನನ್ನ ಮಾತಿನ ರಾಗ ಕೇಳಿ "ಭಾಲ್ಕಿ ಕಡಿಯವ ಏನಪ?" ಎಂದಿರಿ. ಅಲ್ಲಿ ಕನ್ನಡ ಕೇಳಿದ್ದೇ ತಡ, ನಾನು ಅತ್ತುಬಿಟ್ಟೆ. "ಅಳಾದಿದ್ರ ಒಳಗ ಬಂದು ಅಳೋ. ಇಲ್ಲಿ ಅತ್ರ ಕಣ್ಣಿಗಿ ಬೀಗ ಬೀಳ್ತದ," ಎಂದು ನಕ್ಕು ಕರೆದುಕೊಂಡು ಹೋದಿರಿ.

ಒಮ್ಮೆ ಸೀಮೆಎಣ್ಣೆ ಒಲೆಯ ಮುಂದೆ ಕೂತು ನಿಮ್ಮ ಕಥೆ ಹೇಳಿದಿರಿ. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ನೀವು ಹೈದರಾಬಾದಿನಲ್ಲಿ ನಿಜಾಮನ ಫೌಜಿನ ಸಿಪಾಯಿ. ಒಂದು ಗುಂಡೂ ಹಾರಿಸದೆ ಬಂದೂಕು ಕೆಳಗಿಟ್ಟು, ಮುಂದೆ ಹಿಂದೂಸ್ತಾನದ ಫೌಜು ಸೇರಿದಿರಿ. ಆ ಗಲಾಟೆಯ ದಿನಗಳಲ್ಲಿ ಬಗದಲ್‌ನ ನಿಮ್ಮ ಪಕ್ಕದ ಮನೆಯ ಗುರಮ್ಮನ ಜೋಳದ ಕಣಜಕ್ಕೆ ಯಾರೋ ಬೆಂಕಿ ಇಟ್ಟಿದ್ದರು. ತಾಯಿಯಿಲ್ಲದ ನಿಮಗೆ ರೊಟ್ಟಿ ಹಾಕಿ ಬೆಳೆಸಿದವಳು ಆಕೆ. "ಹಚ್ಚಿದವ್ರು ಯಾರೋ ಏನೋ. ಆದ್ರ ನನ್ನ ಮೈಮ್ಯಾಲಿನ ವರ್ದಿ ನಿಜಾಮಂದೇ ಇತ್ತಲ್ಲ. ಯಾವ ಮಾರಿ ತಗೊಂಡು ಆಕಿ ಬಾಗಲಿಗಿ ಹೋಗ್ಲಿ?" ಎಂದಿರಿ. ಅಂದಿನಿಂದ ನೀವು ಊರಿನ ದಾರಿ ತುಳಿದಿರಲಿಲ್ಲ. ರಜೆಯನ್ನೆಲ್ಲ ಬೀದರದ ಅಕ್ಕನ ಮನೆಯಲ್ಲಿ ಕಳೆದು ತಿರುಗಿ ಬರುತ್ತಿದ್ದಿರಿ. ಬೀದರದಿಂದ ಬಗದಲ್ ಎಷ್ಟು ದೂರ ಚಾಚಾ? ಬೆಳಗ್ಗೆ ನಡೆದು ಹೊರಟರೂ ಮಧ್ಯಾಹ್ನದ ಊಟಕ್ಕೆ...

ದಾರಿ ಮುಚ್ಚುವ ಮೊದಲು ರಜೆಯಿಂದ ಮರಳಿದ ನಾನು ಟ್ರಂಕಿನಲ್ಲಿ ಜೋಳದ ಹಿಟ್ಟು ತಂದಿದ್ದೆ. ಠಾಣೆಯಲ್ಲಿ ಹಬ್ಬವೋ ಹಬ್ಬ. ಎಸರು ಕಳಪಳ ಕುದಿಯಿತು. ಹಿಟ್ಟಿಗೆ ಹೊಯ್ದೆ, ನಾದಿದೆ, ತಟ್ಟಿದೆ. ರೊಟ್ಟಿ ಬಿರಿದು ಚೂರುಚೂರು! ಮತ್ತೆ ಕುದಿಸಿದೆ, ಮತ್ತೆ ಚೂರು. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಜೋಳದ ಹಿಟ್ಟಿಗೆ ಜಿಗುಟು ಬರುವಷ್ಟು ಕಾಯುವುದಿಲ್ಲ ಎಂದು ನಮಗೇನು ಗೊತ್ತು? ಕುದಿ ಕಂಡರೆ ಎಸರಾಯಿತು ಎನ್ನುವ ಜನ ನಾವು. ಪಂಜಾಬಿನ ಅಡುಗೆಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಹಿಟ್ಟನ್ನೇ ಬೈದೆ. ನೀವು ಮಾತ್ರ ಒಂದು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಯಾ ಊರ ಜ್ವಾಳ ಇದು?" ಎಂದು ಕೇಳಿದಿರಿ.

ಸಾಯಗಾಂವದ್ದು, ನಮ್ಮವ್ವ ಬೀಸಿದ್ದು ಎನ್ನಬೇಕಿತ್ತು. ನಿಮ್ಮ ಮುಖ ನೋಡಿ ನಾಲಿಗೆ ಬೇರೆಯದನ್ನೇ ನುಡಿಯಿತು. "ಬಗದಲ್‌ದುರಿ. ಬೀಗರ ಕಾರ್ಯಕ್ಕ ಹೋಗಿದ್ನಿರಿ. ಗುರಮ್ಮ ಕೊಟ್ಟಾಳ್ರಿ, ನಮ್ಮ ಮಹಬೂಬಗ ಮುಟ್ಟಿಸು ಅಂತ ಹೇಳ್ಯಾಳ್ರಿ." ಆಕೆಯ ಮುಖವನ್ನೇ ನಾನು ಕಂಡಿರಲಿಲ್ಲ ಚಾಚಾ. ನೀವು ತಟ್ಟೆಯ ಚೂರುಗಳನ್ನೆಲ್ಲ ಒಂದೊಂದಾಗಿ ಆಯ್ದು ತಿಂದಿರಿ. ದಾರಿ ತೆರೆದ ವಾರವೇ ರಜೆ ಬರೆದು, ಊರಿಗೆ ಹೊರಟೇಬಿಟ್ಟಿರಿ.

ನೀವಿಲ್ಲದ ಆ ಎರಡು ತಿಂಗಳು ನನ್ನ ಜೀವದಲ್ಲಿ ಜೀವವಿರಲಿಲ್ಲ. ಆಕೆ "ಯಾವ ಹಿಟ್ಟು?" ಎಂದು ಬಾಗಿಲು ಹಾಕಿಕೊಂಡರೆ? ಒಮ್ಮೆ ಮುರಿದ ನಿಮ್ಮ ಮನಸ್ಸು ಮತ್ತೆ... ನೀವು ಬಂದಿರಿ, ಹೆಗಲ ಮೇಲೆ ಹಿಟ್ಟಿನ ಚೀಲ! "ಹಿಟ್ಟು ಮುಟ್ತು ಅವ್ವಾ ಅಂದ್ನಿ. ರೊಟ್ಟಿ ಚಲೋ ಬಂದ್ವೇನೋ ಅಂದ್ಳು. ಭಾಳ ಚಲೋ ಬಂದ್ವು ಅಂತ ಸುಳ್ಳ ಹೇಳಿ ಬಂದೀನಿ ಬಸ್ಯಾ," ಎಂದು ನಕ್ಕಿರಿ. ನಾನು ಚೀಲದ ಬಾಯಿ ಬಿಚ್ಚಿ ಹಿಟ್ಟನ್ನು ಮುಟ್ಟಿ ಮುಟ್ಟಿ ನೋಡಿದೆ. ಆ ಹಿಟ್ಟಿನ ರೊಟ್ಟಿಗಳೂ ಬಿರಿದವು. "ಆಕಿಗಿ ಹೇಳಬ್ಯಾಡ," ಎಂದು ಅದನ್ನೇ ಅಂಬಲಿ ಕಾಸಿ ಎಲ್ಲರಿಗೂ ಹಂಚಿದಿರಿ. ಪಂಜಾಬಿನವನು ಎರಡು ಲೋಟ ಕುಡಿದ.

ನೌಕರಿ ಮುಗಿದ ಮೇಲೆ ನೀವು ಬಗದಲ್‌ನಲ್ಲೇ, ಗುರಮ್ಮನ ಗೋಡೆಗೆ ಗೋಡೆ ಹಚ್ಚಿ ಮನೆ ಕಟ್ಟಿದಿರಿ. ಆಕೆ ತೀರಿಕೊಂಡಾಗ ಹೆಗಲು ಕೊಟ್ಟಿರಿ. ಎಷ್ಟೋ ಸಲ ನಿಜ ಹೇಳಲೆಂದು ಬಂದು, ನೀವು ಕೊಟ್ಟ ಚಹಾ ಕುಡಿದು ಸುಮ್ಮನೆ ಹಿಂದಿರುಗಿದೆ. ಅಷ್ಟು ನೆಮ್ಮದಿಯಿಂದ ಕೂತ ಮನುಷ್ಯನಿಗೆ ಯಾವ ಬಾಯಿಂದ ಹೇಳಲಿ?

ನಿನ್ನೆ ಊಟಕ್ಕೆ ಗುರಮ್ಮನ ಮಗ ಶರಣಪ್ಪನ ಪಕ್ಕದಲ್ಲಿ ಕೂತವನು ಎಲ್ಲವನ್ನೂ ಹೇಳಿಬಿಟ್ಟೆ. ಅವನು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ.

"ಹಂಗಾರ ಆ ಮನಷ್ಯಾ ನೀವೇನ್ರಿ? ತನ್ನ ಹೆಸರ್ಲೆ ಹಿಟ್ಟು ಕೊಟ್ಟವ್ರು ಯಾರಂತ ನಮ್ಮವ್ವ ಸಾಯೋತನಕ ಕೇಳ್ತಿದ್ಳರಿ. ಕಣಜ ಸುಟ್ಟಾಗಿಂದ ಆಕಿ ಹೊಟ್ಟ್ಯಾಗ ಸಿಟ್ಟಿತ್ರಿ. ಆ ಮಹಬೂಬ ಬಂದ್ರ ಬಾಗಲಾ ತೆಗ್ಯಾದಿಲ್ಲ ಅಂತಿದ್ಳು. ಅವ್ರು ಅಂಗಳದಾಗ ನಿಂತು ನಿನ್ನ ಹಿಟ್ಟು ಉಂಡೀನಿ ಅವ್ವಾ ಅಂದಾಗ, ಇಲ್ಲ ಅನ್ಲಿಕ್ಕಿ ಬಾಯಿ ಬರಲಿಲ್ಲಂತ್ರಿ. ಒಳಗ ಕರದು ಕುಂದ್ರಿಸಿ, ಅವತ್ತೇ ಬೀಸ್ಲಿಕ್ಕಿ ಕೂತ್ಳು."

ನೋಡಿದಿರಾ ಚಾಚಾ? ಆಗ ಮುಖಪರಿಚಯವೂ ಇಲ್ಲದ ಗುರಮ್ಮನೂ ನಾನೂ ಸೇರಿ ನಿಮಗೆ ಸುಳ್ಳು ಹೇಳಿದೆವು. ಬೇಕಿದ್ದರೆ ಸಿಟ್ಟು ಮಾಡಿಕೊಳ್ಳಿ. ಆದರೆ ಸಿಟ್ಟಾಗಿ ಇನ್ನೆಲ್ಲಿಗೆ ಹೋಗುತ್ತೀರಿ? ನೀವೀಗ ಮಲಗಿರುವುದು ಬಗದಲ್‌ನ ಮಣ್ಣಿನಲ್ಲೇ.

ನಿಮ್ಮ,
ಬಸ್ಯಾ