ಮಹಾವ್ಯಾಧನಿಗೆ ಅಡ್ಡ ಬಂದ ಜಗಲಿಯ ಬಲ್ಬು

ಆಲಂಕಾರು
20-2-2026, ಶುಕ್ರವಾರ

ಪ್ರೀತಿಯ ಜೆಸ್ನಾ ಮೋಳೇ,

ಹೇಗಿದ್ದಿ? ಕೆಮ್ಮು ವಾಸಿಯಾಯಿತಾ? ಈಸ್ಟರಿನ ನೋಂಬು ಶುರುವಾಯಿತೆಂದು ಇರುವ ಊಟವನ್ನೂ ಬಿಟ್ಟು ಕೂರಬೇಡ, ನಿನ್ನ ಸ್ವಭಾವ ನನಗೆ ಗೊತ್ತುಂಟು. ನಾವೆಲ್ಲ ಸೌಖ್ಯ. ನಿನ್ನ ಅತ್ತಿಗೆ ಲಿಜಿಗೆ ಮದುಮಗಳ ಮೇಕಪ್ಪಿನ ಕೆಲಸ ಕೈತುಂಬ ಇದೆ. ನೋಂಬಿನಲ್ಲಿ ನಮ್ಮವರ ಮದುವೆಗಳಿಲ್ಲದಿದ್ದರೂ ಉಳಿದವರದ್ದು ಇದ್ದೇ ಇದೆಯಲ್ಲ. ಸಿಸ್ಟರ್ ಆಗಲು ಹೊರಟವರಿಗೆ ಫೋನಿಲ್ಲ, ತಿಂಗಳಿಗೊಂದೇ ಕಾಗದ ಎಂಬ ನಿಮ್ಮ ಕಾನ್ವೆಂಟಿನ ನಿಯಮದಿಂದ ನನ್ನ ಅಕ್ಷರವಾದರೂ ಸುಧಾರಿಸಿತು. ಬೇಕೆಂದೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಮ್ಮನಿಗೆ ಮಲಯಾಳ ಬಿಟ್ಟರೆ ಬೇರೆ ಓದಲು ಬಾರದು, ಅವಳ ಮೇಲೆ ಚಾಡಿ ಹೇಳಲು ಇದೇ ಅನುಕೂಲ.

ಮೊದಲು ನಿನ್ನ ಟೆಲಿಸ್ಕೋಪಿನ ವಿಷಯ. ಹೊರಡುವ ದಿನ ಅದನ್ನು ನನ್ನ ಕೈಗೆ ಕೊಟ್ಟು, "ಚೇಟ್ಟಾ, ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಅವನ ಸೊಂಟದ ಕೆಳಗಿನ ನೀಹಾರಿಕೆಯ ಒಂದು ಫೋಟೋ ತೆಗೆದುಕೊಡು. ಮದುಮಗಳನ್ನು ಚಂದ ಮಾಡಿದ ಹಾಗೆ ಮಾಡುದು ಬೇಡ, ಇದ್ದ ಹಾಗೆ ಬರಲಿ" ಎಂದಿದ್ದೆಯಲ್ಲ. ಇಷ್ಟು ವರ್ಷ ಮದುವೆ ಫೋಟೋ ತೆಗೆದು ಸ್ಟುಡಿಯೋ ನಡೆಸಿದವನಿಗೆ ಇದೆಂತ ದೊಡ್ಡ ಕೆಲಸ ಅಂದುಕೊಂಡೆ. ದೇವರಾಣೆ, ಕುಣಿಯುವ ಮದುಮಗನನ್ನಾದರೂ ಹಿಡಿಯಬಹುದು, ಸುಮ್ಮನೆ ಕೂತಂತೆ ಕಾಣುವ ಈ ನಕ್ಷತ್ರಗಳನ್ನಲ್ಲ. ಮೊದಲ ಸಲ ಕ್ಯಾಮೆರಾವನ್ನು ಟೆಲಿಸ್ಕೋಪಿಗೆ ಸಿಕ್ಕಿಸಿ ಅರ್ಧ ನಿಮಿಷ ತೆರೆದಿಟ್ಟೆ. ನಕ್ಷತ್ರಗಳೆಲ್ಲ ಉದ್ದವಾಗಿ ಜೀರಿಗೆ ಚೆಲ್ಲಿದ ಹಾಗೆ ಬಂದವು. ಭೂಮಿ ತಿರುಗುತ್ತದೆ ಎಂದು ಶಾಲೆಯಲ್ಲಿ ಓದಿದ್ದನ್ನು ಅವತ್ತು ಕಣ್ಣಾರೆ ಕಂಡೆ. ಎರಡನೇ ಸಲ ಫೋಟೋ ತುಂಬ ಬೆಳ್ಳನೆಯ ಮಸುಕು. ಸಿಕ್ಕಿತು ನೀಹಾರಿಕೆ ಎಂದು ಬೊಬ್ಬೆ ಹಾಕಿ ಲಿಜಿಯನ್ನು ಹೊರಗೆ ಕರೆದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಮಾರಾಯ್ತಿ, ಅದು ಟೆಲಿಸ್ಕೋಪಿನ ಕನ್ನಡಿಯ ಮೇಲೆ ಕೂತ ಇಬ್ಬನಿ! ಆಮೇಲೆ ಲಿಜಿಯ ಹೇರ್ ಡ್ರೈಯರ್ ತಂದು ಕನ್ನಡಿ ಒಣಗಿಸುತ್ತ, ಒಂದೆರಡು ಸೆಕೆಂಡಿನ ಫೋಟೋಗಳನ್ನೇ ನೂರಾರು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುವುದನ್ನು ಕಲಿತೆ. ಅಷ್ಟಾದ ಮೇಲೂ ಹಳೇ ಚಾಳಿ ಬಿಡಬೇಕಲ್ಲ. ಮದುಮಗಳ ಮುಖ ನಯ ಮಾಡುವ ಸಾಫ್ಟ್‌ವೇರಿಗೆ ಕೊಟ್ಟೆ, ಅದು ನಕ್ಷತ್ರಗಳನ್ನೆಲ್ಲ ಮೊಡವೆ ಎಂದು ತಿಳಿದು ಒರೆಸಿ ಹಾಕಿತು. "ಆಕಾಶಕ್ಕೂ ಫೌಂಡೇಶನ್ ಹಚ್ಚಿದಿರಾ ಮಾರಾಯ್ರೆ?" ಎಂದು ಲಿಜಿ ಬಿದ್ದು ಬಿದ್ದು ನಕ್ಕಳು.

ಇದೆಲ್ಲವನ್ನೂ ಹೇಗೋ ಗೆದ್ದೆ. ಗೆಲ್ಲಲಾಗದೆ ಉಳಿದದ್ದು ಜಗಲಿಯ ಬಲ್ಬು. ನೀನು ಹೋದ ದಿನದಿಂದ ಅಮ್ಮ ಸಂಜೆಯಾದದ್ದೇ ಅದನ್ನು ಹಾಕುತ್ತಾಳೆ, ಬೆಳಗಿನವರೆಗೂ ಆರಿಸುವುದಿಲ್ಲ. ಸುತ್ತ ರಬ್ಬರ್ ಮರ, ಆಕಾಶ ಕಾಣುವುದು ಅಂಗಳದಲ್ಲಿ ಮಾತ್ರ, ಅಲ್ಲೇ ಆ ಬೆಳಕು. ಒಮ್ಮೆ ಆರಿಸಿದೆ, ಬಂದು ಹಾಕಿದಳು. ಗೋಣಿ ಕಟ್ಟಿದೆ, ಬಿಚ್ಚಿ ಎಸೆದಳು. "ಬರುವವರಿಗೆ ದಾರಿ ಕಾಣುದು ಬೇಡ್ವಾ?" ಅಂತೆ. ಆ ಹೊತ್ತಿಗೆ ಯಾರು ಬರಬೇಕೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಅಪ್ಪ ತೀರಿಕೊಂಡ ಮೇಲೆ ಅವಳ ಪಕ್ಕದಲ್ಲಿ ಮಲಗುತ್ತಿದ್ದವಳು ನೀನಲ್ಲವಾ? ಮೇ ತಿಂಗಳಲ್ಲಿ ನೀನು ವ್ರತ ತೆಗೆದುಕೊಳ್ಳುವ ದಿನ ಹೋಗಿ ಬರುವ ಎಂದರೆ, "ನನಗೆ ಕಾಲುನೋವು" ಎಂದು ಒಳಗೆ ನಡೆದಳು. ಕಡಬದ ಸಂತೆಗೆ ಹೋಗಲು ಇಲ್ಲದ ಕಾಲುನೋವು! ಸಿಟ್ಟು ಬಂತು, ಆಮೇಲೆ ಪಾಪ ಅನಿಸಿತು. ಅವಳನ್ನು ಕರೆತರುತ್ತೇನೆ ಎಂದು ಬರೆಯುವ ಧೈರ್ಯ ನನಗಿಲ್ಲ, ಕ್ಷಮಿಸು. ಆದರೆ ಫೋಟೋ ಬಿಡುವವನಲ್ಲ. ಮೇ ಹೊತ್ತಿಗೆ ಮಹಾವ್ಯಾಧ ಸೂರ್ಯನ ಜೊತೆಗೇ ಮುಳುಗಿ ಹೋಗುತ್ತಾನೆ, ಮತ್ತೆ ಮಳೆ. ಆಗುವುದಿದ್ದರೆ ಈಗಲೇ ಆಗಬೇಕು. ಬಲ್ಬು ಉರಿದರೆ ಉರಿಯಲಿ, ಇವತ್ತೂ ನಿಲ್ಲುತ್ತೇನೆ, ನಾಳೆಯೂ ನಿಲ್ಲುತ್ತೇನೆ. ವ್ರತದ ದಿನ ಅದು ನಿನ್ನ ಕೈಯಲ್ಲಿರುತ್ತದೆ.

ಅಲ್ಲಿಯ ಸಿಸ್ಟರುಗಳಿಗೆಲ್ಲ ನಮ್ಮ ನಮಸ್ಕಾರ. ಲಿಜಿಯ ಮುತ್ತುಗಳು. ಮಾತೆ ಮರಿಯಮ್ಮ ನಿನ್ನ ಕೈ ಬಿಡದಿರಲಿ.

ನಿನ್ನ ಚೇಟ್ಟ,
ಸಜಿ

ಮರೆತ ಮಾತಲ್ಲ, ಹೊಸತು: ಶನಿವಾರ ಬೆಳಿಗ್ಗೆ. ಅಂಟಿಸಿದ ಲಕೋಟೆ ಬಿಡಿಸಿ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಪ್ರಾರ್ಥನೆ ಮುಗಿಸಿ ಅಮ್ಮ ಅಂಗಳಕ್ಕೆ ಇಳಿದು ಬಂದಳು. "ದಿನಾ ಎಂತ ನೋಡುದು ನೀನು? ನನಗೂ ತೋರಿಸು" ಎಂದಳು. ಟೆಲಿಸ್ಕೋಪಿನಿಂದ ಕ್ಯಾಮೆರಾ ಬಿಚ್ಚಿ ತೋರಿಸಿದೆ. ಬೆಳಕಿಗೆ ಏನೂ ಕಾಣಲಿಲ್ಲ. "ಜೆಸ್ನಾ ನೋಡ್ತಾ ಇದ್ದದ್ದು ಇದನ್ನೇಯಾ?" ಎಂದು ಕೇಳಿದಳು. ಹೌದೆಂದೆ. ಜಗಲಿ ಹತ್ತಿ ಸ್ವಿಚ್ ಆರಿಸಿದಳು ಮೋಳೇ. ಅವಳೇ ಆರಿಸಿದ್ದು. ಕತ್ತಲೆಯಲ್ಲಿ ತಡವರಿಸಿ ಬಂದು ಮತ್ತೆ ಕಣ್ಣಿಟ್ಟು, "ಹೊಗೆಯ ಹಾಗೆ ಕಾಣ್ತದಲ್ಲ" ಎಂದಳು. ಆಮೇಲೆ ನಾನು ತೆಗೆದ ಫೋಟೋ ಒಳಗಿಟ್ಟಿದ್ದೇನೆ, ಮೇವರೆಗೆ ಕಾಯಲು ನನ್ನಿಂದಾಗದು. ಏನೂ ಚಂದ ಮಾಡಿಲ್ಲ. ಅಷ್ಟೂ ಹೊತ್ತು ಹೇರ್ ಡ್ರೈಯರ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಅಮ್ಮ, ಒಳಗೆ ಹೋಗುವಾಗ ತಿರುಗಿ ನೋಡದೆ ಕೇಳಿದಳು: "ಅವಳ ವ್ರತದ ದಿನ ನಾವು ಇಲ್ಲಿಂದ ಎಷ್ಟು ಗಂಟೆಗೆ ಹೊರಡುದು?"