ಅರ್ಧಗಂಟೆ ಶಶಿ

ರಾಜಗೋಪಾಲನಗರ, ಬೆಂಗಳೂರು
೫ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ಶಶಿ ಅಣ್ಣನಿಗೆ,

ನಿನ್ನ ತಂಗಿ ವನಜಾಳ ನಮಸ್ಕಾರ. ಹೇಗಿದ್ದೀಯ? ಗೌರಿಬಿದನೂರಿನಲ್ಲಿ ಮಳೆ ಬಿಡುವು ಕೊಟ್ಟಿದೆಯೇ? ಮಂಡಿ ಏನನ್ನುತ್ತದೆ? ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತೀಯ ಎಂದು ಅತ್ತಿಗೆ ಹೇಳಿದರು. ನಾನು ಕೇಳಿದರೆ ಮಾತ್ರ ‘ಏನೂ ಇಲ್ಲ ಕಣೇ, ಗುಂಡುಕಲ್ಲಿನ ಥರ ಇದೀನಿ’ ಎನ್ನುತ್ತೀಯ. ಗುಂಡುಕಲ್ಲಿಗೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ, ನಿನಗಿದೆ. ನಾವೆಲ್ಲ ಚೆನ್ನಾಗಿದ್ದೇವೆ. ನಮ್ಮ ಮನೆಯವರ ಬಿ.ಪಿ. ಹತೋಟಿಗೆ ಬಂದಿದೆ, ಉಪ್ಪಿನಕಾಯಿ ಭರಣಿಯನ್ನು ನಾನು ಎಲ್ಲಿ ಬಚ್ಚಿಟ್ಟಿದ್ದೇನೆಂದು ಅವರಿಗೆ ಇನ್ನೂ ಗೊತ್ತಾಗಿಲ್ಲ, ಅದಕ್ಕೆ.

ಫೋನ್ ಇರುವಾಗ ಕಾಗದ ಯಾಕೆ ಬರೆದಳು ಎಂದುಕೊಳ್ಳಬೇಡ. ಫೋನಿನಲ್ಲಿ ಫುಟ್‌ಬಾಲ್ ಎಂಬ ಮಾತು ಬಂದ ಕೂಡಲೇ ನಿನಗೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ. ಆದ್ದರಿಂದ ಕನ್ನಡಕ ಹಾಕಿಕೊಂಡು ಕೂತು ಪೂರ್ತಿ ಓದು. ಮಧ್ಯದಲ್ಲೇ ಮಡಚಿಟ್ಟರೆ ಅತ್ತಿಗೆ ಜೋರಾಗಿ ಓದಿ ಹೇಳುತ್ತಾರೆ, ಅವರ ಹತ್ತಿರ ಮಾತಾಡಿ ಆಗಿದೆ.

ಮೊನ್ನೆ ಬುಧವಾರ ಆಯುಧಪೂಜೆ. ನಮ್ಮ ಮನೆಯವರು ಕೆಲಸ ಮಾಡುವ ಲೇತ್ ಶೆಡ್ಡಿನ ಮಾಲೀಕರು ಶ್ಯಾಮಣ್ಣ, ನಿನಗೆ ನೆನಪಿರಬೇಕು, ಮೊದಲು ನಿನ್ನದೇ ಫ್ಯಾಕ್ಟರಿಯಲ್ಲಿ ಟರ್ನರ್ ಆಗಿದ್ದವರು. ಪ್ರತಿ ವರ್ಷ ಪೂಜೆಯ ದಿನ ಆ ಫ್ಯಾಕ್ಟರಿಯ ಹಳೆಯ ಕೆಲಸಗಾರರನ್ನೆಲ್ಲ ಕುಟುಂಬ ಸಮೇತ ಊಟಕ್ಕೆ ಕರೆಯುತ್ತಾರೆ. ಈ ಸಲ ನಾನೂ ಹೋಗಿದ್ದೆ. ಮೆಷಿನ್ನುಗಳಿಗೆಲ್ಲ ಸೇವಂತಿಗೆ ಹಾರ, ವಿಭೂತಿ, ಕುಂಕುಮ. ಗೇಟಿನ ಮುಂದೆ ಒಡೆದ ಬೂದುಗುಂಬಳ. ಊಟಕ್ಕೆ ಎಲೆ ಹಾಕಿ, ಆಗಷ್ಟೇ ಒಬ್ಬಟ್ಟು ಬಡಿಸಿದ್ದರು, ಎದುರು ಸಾಲಿನಲ್ಲಿ ಕೂತಿದ್ದ ಬಿಳಿ ಮೀಸೆಯವರೊಬ್ಬರು ಜೋರಾಗಿ ನಗುತ್ತಾ, ‘ಏನ ಹೇಳ್ರಿ, ನಮ್ಮ ಅರ್ಧಗಂಟೆ ಶಶಿ ಹಂಗ ಆಡೋರು ಇನ್ನ ಹುಟ್ಟಬೇಕ್ರಿ’ ಎಂದರು.

ಅಣ್ಣಾ, ನನಗೆ ಎಲ್ಲಿತ್ತೋ ಸಿಟ್ಟು. ಅರ್ಧಗಂಟೆಗಿಂತ ಜಾಸ್ತಿ ನಿಲ್ಲದವನು ಎಂಬ ಆ ಹೆಸರಿಗೆ ಅಂಜಿ ತಾನೇ ಮೂವತ್ತೇಳು ವರ್ಷದಿಂದ ನೀನು ಫುಟ್‌ಬಾಲ್ ಮೈದಾನದ ಕಡೆ ತಲೆ ಹಾಕದಿರುವುದು! ನನ್ನ ಮನೆಗೆ ಬಂದರೂ ಮೈದಾನದ ರಸ್ತೆ ತಪ್ಪಿಸಿ ಎರಡು ಕಿಲೋಮೀಟರ್ ಸುತ್ತಿ ಬರುತ್ತೀಯ. ಎಲೆಯ ಮುಂದಿನಿಂದ ಎದ್ದೆ. ಕೈಯಲ್ಲಿ ಒಬ್ಬಟ್ಟು ಹಿಡಿದುಕೊಂಡೇ, ‘ಅವರು ನಮ್ಮಣ್ಣ. ಕಾಲು ಮುರ್ಕೊಂಡೋರನ್ನ ಆಡ್ಕೊಳ್ಳೋಕೆ ನಾಚ್ಕೆ ಆಗಲ್ವಾ ನಿಮಗೆ?’ ಎಂದು ಕೇಳಿದೆ. ನಮ್ಮ ಮನೆಯವರು ನನ್ನ ಸೆರಗು ಹಿಡಿದು ಜಗ್ಗುತ್ತಿದ್ದಾರೆ. ಆ ಬಿಳಿ ಮೀಸೆಯವರ ಹೆಸರು ಅಮರಪ್ಪ, ರಾಯಚೂರು ಕಡೆಯವರು, ಫ್ಯಾಕ್ಟರಿಯ ಮೌಲ್ಡಿಂಗ್ ವಿಭಾಗದಲ್ಲಿದ್ದವರು. ಪಾಪ, ಅವರ ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು.

ಆಮೇಲೆ ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ನಿಧಾನವಾಗಿ ಓದು. ‘ತಂಗೀ, ಅರ್ಧಗಂಟೆ ಅಂದ್ರ ನಮಗ ಊಟದ ಬಿಡುವುರೀ. ಹನ್ನೆರಡೂವರೆಗೆ ಸೈರನ್, ಒಂದಕ್ಕ ಮತ್ತ ಸೈರನ್. ದಿನದಾಗ ನಮ್ಮದು ಅಂತ ಇದ್ದದ್ದು ಅದೊಂದ ಅರ್ಧಗಂಟೆ. ಅದನ್ನ ನಿಮ್ಮಣ್ಣಗ ಕೊಟ್ಟಿದ್ವಿ.’

ಫ್ಯಾಕ್ಟರಿ ತಂಡಗಳ ಪಂದ್ಯ ಊಟದ ಸೈರನ್ನಿಗೇ ಶುರುವಾಗುತ್ತಿತ್ತಲ್ಲ, ನಿನ್ನ ಆಟ ಇದೆಯೆಂದರೆ ಇವರು ಡಬ್ಬಿಯನ್ನೇ ತೆರೆಯುತ್ತಿರಲಿಲ್ಲವಂತೆ. ಅಮರಪ್ಪನವರು ರೊಟ್ಟಿಯನ್ನು ಸುರುಳಿ ಸುತ್ತಿ ಬಾಯಲ್ಲಿ ಕಚ್ಚಿಕೊಂಡು ಓಡುತ್ತಿದ್ದರಂತೆ. ‘ಇವತ್ತು ಅರ್ಧಗಂಟೆ ಯಾರಿಗೆ?’ ಎಂದು ಒಬ್ಬರು ಕೇಳಿದರೆ ‘ಶಶಿಗೆ’ ಎನ್ನುವುದು. ಹಾಗೇ ಅದು ನಿನ್ನ ಹೆಸರಿಗೆ ಅಂಟಿಕೊಂಡಿತು. ಒಂದಕ್ಕೆ ಸೈರನ್ ಆದ ಮೇಲೆ ಎಲ್ಲರೂ ಮೆಷಿನ್ನಿಗೆ ವಾಪಸ್, ಮೈದಾನದಲ್ಲಿ ನೀವು ಆಟಗಾರರು ಮಾತ್ರ ಆಟ ಮುಂದುವರಿಸುತ್ತಿದ್ದಿರಿ. ನಿನ್ನ ಮಂಡಿ ಕೈಕೊಡುತ್ತಿದ್ದದ್ದು, ನಿನ್ನನ್ನು ಹೊತ್ತುಕೊಂಡು ಹೋಗುತ್ತಿದ್ದದ್ದು ಎಲ್ಲ ಆಮೇಲಿನದು. ಅಣ್ಣಾ, ನೀನು ಬಿದ್ದದ್ದನ್ನು ಅವರು ನೋಡಿಯೇ ಇಲ್ಲ. ಒಂದು ಸಲವೂ ನೋಡಿಲ್ಲ. ಅವರ ಕಣ್ಣಲ್ಲಿ ನೀನು ಇವತ್ತಿಗೂ ಓಡುತ್ತಲೇ ಇದ್ದೀಯ. ಇದನ್ನು ಬರೆಯುವಾಗ ನನಗೆ ಅಳುವೂ ನಗುವೂ ಒಟ್ಟಿಗೇ ಬರುತ್ತಿದೆ.

ಬೇಕಾದರೆ ಸಾಕ್ಷಿ ಕೊಡುತ್ತೇನೆ. ನಿನಗೆ ಪೆಟ್ಟಾದದ್ದು ಯಾವ ಕಾಲಿಗೆ ಎಂದು ಅಲ್ಲೇ ಜಗಳ ಹತ್ತಿತು. ಶ್ಯಾಮಣ್ಣ ಬಲಗಾಲು ಎಂದರು, ಅಮರಪ್ಪನವರು ಎರಡೂ ಕಾಲು ಎಂದರು. ಸಂಜೆ ಬಸ್ ಸ್ಟಾಪಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದವರೇ ಎಲ್ಲರೂ. ಕೊನೆಗೆ ನಾನು, ‘ಎಡಗಾಲು ಕಣ್ರೀ, ದಿನಾ ಹರಳೆಣ್ಣೆ ತಿಕ್ಕಿದ್ದು ಈ ಕೈ’ ಎಂದು ಕೈ ತೋರಿಸಿದೆ. ಶ್ಯಾಮಣ್ಣ ಆ ಕೈಗೆ ಇನ್ನೆರಡು ಒಬ್ಬಟ್ಟು ಹಾಕಿಸಿದರು.

ಇನ್ನು ನಿನ್ನ ಕಾರ್ನರ್ ಗೋಲಿನ ಕಥೆ. ಮೂಲೆಯಿಂದ ಒದ್ದ ಚೆಂಡು ಯಾರನ್ನೂ ತಾಗದೆ ಬಾಗಿ ಒಳಗೆ ಹೋಯಿತಲ್ಲ, ಅದು. ಅದನ್ನು ತೋರಿಸುತ್ತೇನೆಂದು ಅರವತ್ತನಾಲ್ಕರ ಶ್ಯಾಮಣ್ಣ ಪಂಚೆ ಎತ್ತಿಕಟ್ಟಿದರು. ಚೆಂಡಿಗೆ ಒಂದು ನಿಂಬೆಹಣ್ಣು (ಪೂಜೆಯದ್ದಲ್ಲ, ಕೋಸಂಬರಿಗೆ ತಂದು ಮಿಕ್ಕಿದ್ದು), ಎದುರಾಳಿಗಳಾಗಿ ಆರು ಸ್ಟೀಲ್ ಲೋಟ. ಒದ್ದರು ನೋಡು, ನಿಂಬೆಹಣ್ಣು ಡ್ರಿಲ್ಲಿಂಗ್ ಮೆಷಿನ್ನಿಗೆ ಬಡಿದು ತಿರುಗಿ ಸೀದಾ ಪಾಯಸದ ಪಾತ್ರೆಗೆ ಬಿತ್ತು. ಇಡೀ ಶೆಡ್ಡು ‘ಗೋಲ್’ ಎಂದು ಕೂಗಿತು. ಶ್ಯಾಮಣ್ಣನ ಹೆಂಡತಿ ಮಾತ್ರ ಸೌಟು ಹಿಡಿದುಕೊಂಡೇ ಬಂದರು. ಮುದುಕರೆಲ್ಲ ಶಾಲೆ ಹುಡುಗರ ಥರ ಲೇತಿನ ಹಿಂದೆ ಅಡಗಿದರು. ಅಷ್ಟು ನಕ್ಕು ನನಗೆ ಎಷ್ಟು ವರ್ಷವಾಗಿತ್ತೋ. ನೀನು ಇರಬೇಕಿತ್ತು ಎಂದು ಪ್ರತಿ ನಗುವಿಗೂ ಅನ್ನಿಸಿತು.

ಈಗ ಬೇಡಿಕೆ. ನವೆಂಬರ್ ಒಂದರಂದು, ರಾಜ್ಯೋತ್ಸವದ ದಿನ, ಬಾವುಟ ಹಾರಿಸಿದ ಮೇಲೆ ಹಳಬರ ಒಂದು ಪಂದ್ಯ ಇಟ್ಟುಕೊಂಡಿದ್ದಾರೆ. ಮೈದಾನದಲ್ಲಿ ಈಗ ಅರ್ಧ ಭಾಗ ಲಾರಿಗಳು ನಿಲ್ಲುತ್ತವೆ, ಉಳಿದರ್ಧದಲ್ಲಿ ಆಟ. ಹನ್ನೆರಡೂವರೆಗೆ ಶುರು, ಒಂದಕ್ಕೆ ಮುಕ್ತಾಯ. ಶ್ಯಾಮಣ್ಣ ಎಲ್ಲಿಂದಲೋ ಹಳೇ ಸೈರನ್ ಹುಡುಕಿ ತಂದು ರಿಪೇರಿ ಮಾಡುತ್ತಿದ್ದಾರೆ. ನೀನು ಓಡಬೇಕಾಗಿಲ್ಲ. ಮೊದಲ ಒದೆ ಒದ್ದು, ಕುರ್ಚಿಯಲ್ಲಿ ಕೂತುಬಿಡು. ಬಲಗಾಲಲ್ಲೇ ಒದಿ, ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನನ್ನ ಅಪ್ಪಣೆ ಎಂದೇ ತಿಳಿ. ಚಿಕ್ಕವಳ ಅಪ್ಪಣೆಗೆ ಬೆಲೆ ಇಲ್ಲವೆಂದರೆ ಅತ್ತಿಗೆಯ ಅಪ್ಪಣೆ.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಅವರು ಕೇಳಿದ್ದ ಅವರೆಕಾಳು ಇನ್ನೂ ಮಾರುಕಟ್ಟೆಗೆ ಬಂದಿಲ್ಲ, ಬಂದ ದಿನವೇ ತೆಗೆದಿಡುತ್ತೇನೆ. ಕಾಲಿಗೆ ತಣ್ಣೀರು ಸುರಿದುಕೊಳ್ಳಬೇಡ.

ನಿನ್ನ ಪ್ರೀತಿಯ ತಂಗಿ,
ವನಜಾ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಇದಕ್ಕೇ ಇಷ್ಟೆಲ್ಲ ಬರೆದದ್ದು. ಎಂಬತ್ತೆಂಟನೇ ಇಸವಿಯಲ್ಲಿ ನೀನು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಾಗ, ಫ್ಯಾಕ್ಟರಿ ಗೇಟಿನ ಹತ್ತಿರ ಜನ ನಿನ್ನನ್ನು ‘ಅರ್ಧಗಂಟೆ’ ಎಂದು ನಗುವುದನ್ನು ಕೇಳಿ, ಓಡಿ ಬಂದು ನಿನಗೆ ಹೇಳಿದವಳು ನಾನು. ‘ಅರ್ಧಗಂಟೆಗಿಂತ ಜಾಸ್ತಿ ನಿಲ್ಲಲ್ಲ ಅಂತ ಆಡ್ಕೋತಾರೆ ಅಣ್ಣಾ’ ಎಂದೆ. ಆ ವಾರವೇ ನೀನು ಬೂಟುಗಳನ್ನು ಯಾರಿಗೋ ಕೊಟ್ಟುಬಿಟ್ಟೆ. ಅಣ್ಣಾ, ನಾನು ಕೇಳಿದ್ದು ‘ಅರ್ಧಗಂಟೆ’ ಎಂಬುದನ್ನು ಮಾತ್ರ. ‘ಜಾಸ್ತಿ ನಿಲ್ಲಲ್ಲ’ ಎಂದು ಯಾರೂ ಹೇಳಿರಲಿಲ್ಲ. ಅರ್ಥ ಹೀಗೇ ಇರಬೇಕೆಂದು ಹದಿಮೂರರ ನಾನೇ ಸೇರಿಸಿದ್ದು. ಗೇಟಿನಲ್ಲಿ ನಿಂತು ಒಬ್ಬರನ್ನು ಕೇಳಿದ್ದರೆ ಸಾಕಿತ್ತು. ಮೊನ್ನೆಯವರೆಗೂ ನಾನೂ ಅದನ್ನೇ ನಿಜವೆಂದು ನಂಬಿದ್ದೆ. ಫೋನಿನಲ್ಲಿ ಇದನ್ನು ಹೇಳಲು ನನಗೂ ಸಿಗ್ನಲ್ ಸಿಗಲಿಲ್ಲ. ಒಂದನೇ ತಾರೀಕು ಬಂದು ಎಲ್ಲರೆದುರು ನನ್ನನ್ನು ಬಯ್ಯಿ. ಅರ್ಧಗಂಟೆ ಬಯ್ಯಿ, ಸಾಕು.