ನಡುಮಧ್ಯಾಹ್ನ ಕೋಳಿಗಳಿಗೆ ಉಣಬಡಿಸಿದವರಿಗೆ

ಮಾನ್ಯ ಪಶುಸಂಗೋಪನಾ ಅಧಿಕಾರಿಗಳೇ,

ನಮ್ಮ ನೂರ ಹದಿನೇಳು ಮೊಟ್ಟೆಕೋಳಿಗಳನ್ನು ಕೊಂದದ್ದು ಬಿಸಿಲಲ್ಲ, ನಿಮ್ಮ ಕಚೇರಿಯ ಗಡಿಯಾರ. ನಿಮ್ಮ ವರದಿಯಲ್ಲಿ ಮಾತ್ರ ‘ಸಾಕಣೆದಾರಳ ನಿರ್ಲಕ್ಷ್ಯ’ ಎಂದಿದೆ. ಆ ಸಾಕಣೆದಾರಳು ನನ್ನ ಸೊಸೆ. ಆ ಎರಡು ಪದಗಳ ದೆಸೆಯಿಂದ ನೀವು ಹಂಚುವ ಮರಿಗಳ ಪಟ್ಟಿಯಲ್ಲಿ ಈ ಸಲ ಅವಳ ಹೆಸರಿಲ್ಲ. ಮಕ್ಕಳ ಪಾಠದ ಪುಸ್ತಕ ನೋಡಿ ಅಕ್ಷರ ಕಲಿತವಳು ನಾನು. ಇದುವರೆಗೆ ಪತ್ರ ಬರೆದದ್ದೆಲ್ಲ ನೆಂಟರಿಷ್ಟರ ಯೋಗಕ್ಷೇಮ ಕೇಳಲು. ನಿಮ್ಮ ಯೋಗಕ್ಷೇಮ ಕೇಳುವುದಿಲ್ಲ. ನಿಮ್ಮ ಕೋಣೆಯಲ್ಲಿ ಎ.ಸಿ. ಇದೆ, ಕ್ಷೇಮವಾಗಿಯೇ ಇರುತ್ತೀರಿ.

ಕೋಳಿ ಬೆವರುವುದಿಲ್ಲ ಎಂಬುದು ನಿಮಗೆ ಗೊತ್ತಿರಬೇಕು, ಪದವಿ ಪಡೆದವರು. ಸೆಕೆಗೆ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ಮೊಟ್ಟೆಯ ಚಿಪ್ಪು ಕಾಗದದಂತಾಗುತ್ತದೆ. ವಿಟಮಿನ್ ಸಿ, ಲವಣ ಬೆರೆತ ಪುಡಿ ಕೊಟ್ಟರೆ ಒಂದಿಷ್ಟು ತಡೆದುಕೊಳ್ಳುತ್ತದೆ. ಪುಡಿಯ ಮೇಲೆ ನನಗೆ ಸಿಟ್ಟಿಲ್ಲ. ಹೋದ ಬೇಸಿಗೆಯಲ್ಲಿ ನನ್ನ ಸೊಸೆ ಅದನ್ನೇ ನಸುಕಿನಲ್ಲಿ ತಣ್ಣೀರಿಗೆ ಕಲಸಿ ಕೊಟ್ಟಳು. ಹತ್ತು ಗಂಟೆಗೆ ಮೇವಿನ ತೊಟ್ಟಿ ಎತ್ತಿಟ್ಟರೆ ಮತ್ತೆ ಇಡುತ್ತಿದ್ದುದು ಸಂಜೆ ತಂಪಾದ ಮೇಲೆಯೇ. ತಿಂದದ್ದು ಅರಗುವಾಗ ಒಳಗೂ ಕಾವೇಳುತ್ತದಲ್ಲ, ಅದಕ್ಕೆ. ಒಂದು ಕೋಳಿಯೂ ಸಾಯಲಿಲ್ಲ. ನಾನು ಅಕ್ಕನಿಗೆ ಪತ್ರ ಬರೆದು ಪುಡಿಯನ್ನು ಹೊಗಳಿದೆ. ಸೊಸೆಯನ್ನು ಹೊಗಳಲು ಮರೆತೆ.

ಈ ಬೇಸಿಗೆ ಪುಡಿಯನ್ನು ನೀವೇ ಉಚಿತವಾಗಿ ಕೊಟ್ಟಿರಿ. ಬಾಲದಂತೆ ಒಂದು ಸುತ್ತೋಲೆಯೂ ಬಂತು: ಪುಡಿ ಬೆರೆಸಿದ ಮೇವನ್ನು ಪರಿವೀಕ್ಷಕರ ಎದುರೇ ಹಾಕಬೇಕು, ಕೋಳಿ ತಿನ್ನುವ ಫೋಟೋ ತೆಗೆಯಬೇಕು. ಪರಿವೀಕ್ಷಕರು ಹಿಂದಿನ ದಿನವೇ ಫೋನು ಮಾಡಿ, “ಬೆಳಿಗ್ಗೆ ಮೇವು ಹಾಕ್ಬೇಡಿ, ಹಸಿದಿದ್ರೆ ಫೋಟೋದಲ್ಲಿ ಚೆನ್ನಾಗಿ ತಿಂತವೆ” ಎಂದರು. ಬಂದಾಗ ಹನ್ನೆರಡೂವರೆ. ತಗಡಿನ ಸೂರು ಕಾದ ಕಾವಲಿಯಾಗಿತ್ತು.

ಸೊಸೆ ಪೊಟ್ಟಣ ತಿರುಗಿಸಿ ಹಿಡಿದಳು. “ಸಾರ್, ‘ತಂಪು ಹೊತ್ತಿನಲ್ಲಿ ಕೊಡಿ’ ಅಂತ ಇಲ್ಲೇ ಅಚ್ಚು ಹಾಕಿಸಿದೀರಲ್ಲ?”

“ತಂಪು ಹೊತ್ತಲ್ಲಿ ನಮ್ಮ ಆಫೀಸ್ ಬಾಗಿಲು ತೆಗೆದಿರಲ್ಲಮ್ಮ. ನಾನೇನು ಮಾಡ್ಲಿ?”

“ಹಾಗಾದ್ರೆ ಒಂದು ಆರ್ಡರ್ ಕೋಳಿಗೂ ಕೊಟ್ಬಿಡಿ, ಆಫೀಸ್ ಟೈಮಲ್ಲಿ ಸೆಕೆ ಆಗ್ಬಾರ್ದು ಅಂತ!”

ನಾನು ಅಲ್ಲೇ ನಿಂತಿದ್ದೆ. “ಸಾಕು, ಸುಮ್ನಿರೇ. ಓದಿದವರು ಹೇಳ್ತಿದಾರೆ, ನಿನಗಿಂತ ಜಾಸ್ತಿ ಅವರಿಗೆ ಗೊತ್ತಿಲ್ವಾ? ಹಾಕು” ಎಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ತೊಟ್ಟಿಗೆ ಮೇವು ಸುರಿದಳು.

ಫೋಟೋ ಚೆನ್ನಾಗಿ ಬಂತು. ಹಸಿದ ಕೋಳಿಗಳು ಮುಗಿಬಿದ್ದು ತಿಂದವು. ಮೂರು ಗಂಟೆಗೆಲ್ಲ ರೆಕ್ಕೆ ಅಗಲಿಸಿ ಒರಗತೊಡಗಿದವು. ಕೊಳವೆಯ ನೀರು ಸ್ನಾನದ ನೀರಿನಷ್ಟು ಬಿಸಿ. ಒಂದು ಕೋಳಿಯೂ ಮೂಸಲಿಲ್ಲ. ಸೊಸೆ ಗೋಣಿಚೀಲ ನೆನೆಸಿ ಕಟ್ಟಿದಳು, ಬಾವಿಯಿಂದ ಬಕೆಟ್ ಹೊತ್ತು ತಂದು ಒಂದೊಂದನ್ನೇ ಅದ್ದಿ ತೆಗೆದಳು. ಎರಡು ಕೈ ಎಷ್ಟೆಂದು ಅದ್ದೀತು? ಸಂಜೆ ಸತ್ತವುಗಳನ್ನು ಗುಂಡಿಗೆ ಹಾಕುವಾಗ ಅವಳು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಅದೇ ಫೋಟೋ ನಿಮ್ಮ ಕಚೇರಿಯ ಗೋಡೆಯ ಮೇಲೆ ‘ಯೋಜನೆಯ ಯಶಸ್ಸು’ ಎಂಬ ತಲೆಬರಹ ಹೊತ್ತು ನೇತಾಡುತ್ತಿರುವುದನ್ನು ಕಣ್ಣಾರೆ ಕಂಡು ಬಂದೆ. ಒಂದೇ ಮಧ್ಯಾಹ್ನ, ಒಂದೇ ತೊಟ್ಟಿ, ಒಂದೇ ಕೈ. ಗೋಡೆಯ ಮೇಲೆ ಯಶಸ್ಸಾದದ್ದು ಕಡತದೊಳಗೆ ಹೋಗುವಷ್ಟರಲ್ಲಿ ನಿರ್ಲಕ್ಷ್ಯವಾದದ್ದು ಹೇಗೆ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಕುಣಿಯಲೂ ಇಲ್ಲ, ಡೊಂಕೆಂದದ್ದು ಮಾತ್ರ ನನ್ನ ಸೊಸೆಯ ನೆಲವನ್ನು.

ಆ ಎರಡು ಪದಗಳನ್ನು ನಿಮ್ಮ ಕೈಯಾರೆ ಹೊಡೆದುಹಾಕಿ, ಅವಳ ಹೆಸರನ್ನು ಪಟ್ಟಿಗೆ ಸೇರಿಸಿ. ಸುತ್ತೋಲೆಯಲ್ಲಿ ನಸುಕಿನ ಹೊತ್ತು ಬರೆಯಿರಿ. ನಿಮ್ಮವರಿಗೆ ಏಳಲಾಗದಿದ್ದರೆ ಫೋಟೋ ಬಿಡಿ. ಇದು ಆಗದ ಮಾತು ಎನ್ನುವುದಾದರೆ ಒಂದು ದಿನ ನಮ್ಮ ಶೆಡ್ಡಿಗೆ ಬನ್ನಿ. ಬೆಳಗಿನಿಂದ ಉಪವಾಸವಿರಿ. ಹನ್ನೆರಡೂವರೆಗೆ ನಾನೇ ಹೊಟ್ಟೆ ಬಿರಿಯುವಷ್ಟು ಬಡಿಸುತ್ತೇನೆ. ಆಮೇಲೆ ಮೂರು ಗಂಟೆಯವರೆಗೆ ಆ ತಗಡಿನ ಕೆಳಗೆ ನಿಂತಿರಿ. ನಿಮ್ಮನ್ನು ಅದ್ದಿ ತೆಗೆಯಲು ಸೊಸೆ ಬಕೆಟ್ ಹಿಡಿದು ಪಕ್ಕದಲ್ಲೇ ಇರುತ್ತಾಳೆ, ಅವಳು ಅಂಥವಳು.

ಇಂತಿ,
ಸೊಸೆಯ ಮಾತು ಬಿಟ್ಟು ನಿಮ್ಮ ಮಾತು ಕೇಳಿದ ಅತ್ತೆ